ಪ್ರಾಗ್‌ನ ಸಂತ ವೀಟಸ್ ಕ್ಯಾಥೆಡ್ರಲ್: ಅರ್ಧ ಭಾಗ 1929ರಲ್ಲಿ ಮುಗಿದಿದ್ದರೂ ಇದನ್ನು ಮಧ್ಯಯುಗದ ಕಟ್ಟಡ ಎನ್ನಬಹುದೇ?

ವಲ್ಟಾವಾ ದಂಡೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಮೂರು ವರ್ಷಗಳಿಂದ ಪ್ರಾಗ್‌ನಲ್ಲಿದ್ದೇನೆ. ಊರಿನಿಂದ ಬಂದವರನ್ನೆಲ್ಲ ಮೊದಲು ಬೆಟ್ಟದ ಮೇಲಿನ ಕೋಟೆಗೆ ಕರೆದುಕೊಂಡು ಹೋಗಿ, ಅದರೊಳಗಿನ ಸಂತ ವೀಟಸ್ ಕ್ಯಾಥೆಡ್ರಲ್ ತೋರಿಸುವುದು ರೂಢಿಯಾಗಿಬಿಟ್ಟಿದೆ. ಕಳೆದ ತಿಂಗಳು ಬಂದಿದ್ದ ನನ್ನ ಸೋದರಮಾವ ನಿವೃತ್ತ ಸಿವಿಲ್ ಎಂಜಿನಿಯರ್. ಪಶ್ಚಿಮದ ಬಾಗಿಲ ಮುಂದೆ ನಿಂತು, ಎರಡು ಗೋಪುರಗಳ ತುದಿಯವರೆಗೂ ಕತ್ತೆತ್ತಿ ನೋಡಿ, "ಎಷ್ಟು ವರ್ಷದ ಕಟ್ಟಡ ಇದು?" ಎಂದು ಕೇಳಿದರು. ಏಳುನೂರು ವರ್ಷಕ್ಕೆ ಹತ್ತಿರ ಎಂದೆ. ಅವರು ಸ್ವಲ್ಪ ಹೊತ್ತು ಕಲ್ಲಿನ ಅಂಚುಗಳನ್ನು ನೋಡಿ, "ಈ ಕಲ್ಲಿಗೆ ಅಷ್ಟು ವಯಸ್ಸಾಗಿಲ್ಲ, ಅಂಚು ಇನ್ನೂ ಚೂಪಾಗಿಯೇ ಇದೆ" ಎಂದರು. ಮನೆಗೆ ಬಂದು ಓದಿದಾಗ ಅವರು ಹೇಳಿದ್ದೇ ಸರಿ ಎಂದು ತಿಳಿಯಿತು. ನಾವು ನಿಂತಿದ್ದ ಇಡೀ ಪಶ್ಚಿಮ ಭಾಗದ ಅಡಿಗಲ್ಲು ಬಿದ್ದದ್ದು 1873ರಲ್ಲಿ, ಕೆಲಸ ಮುಗಿದದ್ದು 1929ರಲ್ಲಿ.

ಮೂರು ವರ್ಷಗಳಿಂದ ಬಂದವರಿಗೆಲ್ಲ ತಪ್ಪು ಹೇಳುತ್ತಿದ್ದೆನಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. 1344ರಲ್ಲಿ ಆರಂಭವಾದ ಕಟ್ಟಡ ಮುಗಿಯಲು 585 ವರ್ಷ ಏಕೆ ಬೇಕಾಯಿತು? ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಆರಂಭವಾಗುತ್ತದೆ? ಕೊನೆಯದಾಗಿ, ಇದನ್ನು ಮಧ್ಯಯುಗದ ಕ್ಯಾಥೆಡ್ರಲ್ ಎಂದು ಕರೆಯುವುದು ನ್ಯಾಯವೇ?

ಇತಿಹಾಸದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಆದರೆ 1344ರಿಂದ ಶುರು ಮಾಡಿದರೆ ಕಟ್ಟಡದ ಅರ್ಧ ಗುಟ್ಟು ಕೈತಪ್ಪಿ ಹೋಗುತ್ತದೆ. ಅದಕ್ಕಿಂತ ನಾಲ್ಕು ಶತಮಾನ ಹಿಂದಕ್ಕೆ ಹೋಗೋಣ.

ಆ ಜಾಗದಲ್ಲಿ ಮೊದಲು ಕಟ್ಟಿದ್ದು ಒಂದು ದುಂಡನೆಯ ಸಣ್ಣ ಇಗರ್ಜಿ. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೊಹೀಮಿಯಾವನ್ನು (ಇಂದಿನ ಜೆಕ್ ದೇಶದ ಪಶ್ಚಿಮ ಭಾಗ) ಆಳುತ್ತಿದ್ದ ವಾಟ್ಸ್ಲಾವ್ (ಇಂಗ್ಲಿಷ್ ಪುಸ್ತಕಗಳಲ್ಲಿ ವೆನ್ಸೆಸ್ಲಾಸ್) ಎಂಬ ಅರಸನಿಗೆ ಜರ್ಮನ್ ದೊರೆ ಮೊದಲನೆಯ ಹೆನ್ರಿಯಿಂದ ಸಂತ ವೀಟಸನ ತೋಳಿನ ಅವಶೇಷ ಸಿಕ್ಕಿತ್ತು. ಅದನ್ನು ಇರಿಸಲೆಂದೇ ಈ ದುಂಡು ಇಗರ್ಜಿ ಎದ್ದಿತು. ಕೆಲವೇ ವರ್ಷಗಳಲ್ಲಿ ವಾಟ್ಸ್ಲಾವನನ್ನು ಅವನ ತಮ್ಮ ಬೊಲೆಸ್ಲಾವನ ಕಡೆಯವರು ಇಗರ್ಜಿಯ ಬಾಗಿಲಲ್ಲೇ ಕೊಂದರು. ಆಮೇಲೆ ಅವನ ದೇಹವನ್ನು ಪ್ರಾಗ್‌ಗೆ ತಂದು, ಅವನೇ ಕಟ್ಟಿಸಿದ್ದ ಇಗರ್ಜಿಯ ದಕ್ಷಿಣ ಬದಿಯಲ್ಲಿ ಸಮಾಧಿ ಮಾಡಲಾಯಿತು. ಕೊಲೆಯಾದ ಅರಸ ನಾಡಿನ ರಕ್ಷಕ ಸಂತನಾದ. 973ರಲ್ಲಿ ಪ್ರಾಗ್‌ಗೆ ಬಿಷಪ್ ಪೀಠ ಬಂತು. 1039ರಲ್ಲಿ ಬ್ರೆಟಿಸ್ಲಾವ್ ಎಂಬ ದೊರೆ ಪೋಲೆಂಡಿನ ಮೇಲೆ ದಂಡೆತ್ತಿ ಹೋಗಿ ಸಂತ ಅಡಾಲ್ಬರ್ಟನ ಅವಶೇಷಗಳನ್ನೂ ಇಲ್ಲಿಗೇ ತಂದ. ದುಂಡು ಇಗರ್ಜಿ ಇಕ್ಕಟ್ಟಾಯಿತು. 1060ರಲ್ಲಿ ಅದನ್ನು ಕೆಡವಿ ದೊಡ್ಡ ಬಸಿಲಿಕಾ ಕಟ್ಟಲು ತೊಡಗಿದರು. ಆದರೆ ವಾಟ್ಸ್ಲಾವನ ಸಮಾಧಿ ಇದ್ದ ದಕ್ಷಿಣದ ಮೂಲೆಯನ್ನು ಮಾತ್ರ ಜಾಗ ಕದಲಿಸದೆ ಹೊಸ ಕಟ್ಟಡದೊಳಗೆ ಸೇರಿಸಿಕೊಂಡರು.

ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಇಂದಿನ ಗಾಥಿಕ್ ಕಟ್ಟಡದ ನಕ್ಷೆಯನ್ನು ನೋಡಿದರೆ ದಕ್ಷಿಣ ಬದಿಯಲ್ಲಿ ಚೌಕಾಕಾರದ ಒಂದು ಕೋಣೆ ಉಳಿದ ಲೆಕ್ಕಕ್ಕೆ ಹೊಂದದೆ, ಅಡ್ಡ ಸಭಾಂಗಣದ (ಶಿಲುಬೆಯ ತೋಳಿನಂತೆ ಅಡ್ಡಕ್ಕೆ ಚಾಚಿದ ಭಾಗ) ಜಾಗದೊಳಗೆ ತೂರಿಕೊಂಡಿರುವುದು ಕಾಣುತ್ತದೆ. ಅದೇ ಸಂತ ವಾಟ್ಸ್ಲಾವ್ ಪೂಜಾಕೋಣೆ. ಸಮಾಧಿಯನ್ನು ಸರಿಸುವಂತಿರಲಿಲ್ಲ. ಹಾಗಾಗಿ ಕ್ಯಾಥೆಡ್ರಲ್ಲೇ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ವಲ್ಟಾವಾ ದಂಡೆಯವರೇ, ಮುಂದಿನ ಸಲ ಅಲ್ಲಿಗೆ ಹೋದಾಗ ಆ ಕೋಣೆಯ ಉತ್ತರದ ಬಾಗಿಲಲ್ಲಿರುವ ಸಿಂಹಮುಖದ ಕಂಚಿನ ಬಳೆಯನ್ನು ನೋಡಿ ಬನ್ನಿ. ವಾಟ್ಸ್ಲಾವ್ ಕೊನೆಯುಸಿರೆಳೆಯುವಾಗ ಹಿಡಿದುಕೊಂಡಿದ್ದ ಬಳೆ ಅದೇ ಎಂಬ ನಂಬಿಕೆ ಅಲ್ಲಿದೆ.

ಇನ್ನು 1344. ಅಲ್ಲಿಯವರೆಗೆ ಪ್ರಾಗ್‌ನ ಬಿಷಪ್ ಜರ್ಮನಿಯ ಮೈನ್ಸ್ ಆರ್ಚ್‌ಬಿಷಪ್‌ನ ಅಧೀನದಲ್ಲಿದ್ದರು. ರಾಜಕುಮಾರ ಚಾರ್ಲ್ಸ್, ಅಂದರೆ ಮುಂದೆ ಪವಿತ್ರ ರೋಮನ್ ಸಾಮ್ರಾಟನಾದ ನಾಲ್ಕನೆಯ ಚಾರ್ಲ್ಸ್, ಬಾಲ್ಯದಲ್ಲಿ ಫ್ರೆಂಚ್ ಆಸ್ಥಾನದಲ್ಲಿ ಬೆಳೆದವನು. ಅಲ್ಲಿ ಅವನಿಗೆ ಗುರುವಾಗಿದ್ದ ಪಿಯೆರ್ ರೋಜೆ ಎಂಬ ಪಾದ್ರಿಯೇ 1342ರಲ್ಲಿ ಆರನೆಯ ಕ್ಲೆಮೆಂಟ್ ಎಂಬ ಹೆಸರಿನಲ್ಲಿ ಪೋಪ್ ಆದರು. ಎರಡು ವರ್ಷದೊಳಗೆ, 1344ರ ಏಪ್ರಿಲ್ 30ರಂದು, ಪ್ರಾಗ್‌ಗೆ ಸ್ವತಂತ್ರ ಆರ್ಚ್‌ಬಿಷಪ್ ಪೀಠ ದೊರೆಯಿತು. ಅದೇ ವರ್ಷ ನವೆಂಬರ್ 21ರಂದು ಕಣ್ಣು ಕಾಣದ ದೊರೆ ಜಾನ್, ಅವನ ಮಗ ಚಾರ್ಲ್ಸ್ ಮತ್ತು ಮೊದಲ ಆರ್ಚ್‌ಬಿಷಪ್ ಅರ್ನೋಷ್ಟ್ ಸೇರಿ ಹೊಸ ಕ್ಯಾಥೆಡ್ರಲ್‌ಗೆ ಅಡಿಗಲ್ಲು ಇಟ್ಟರು. ಆರ್ಚ್‌ಬಿಷಪ್ ಪೀಠಕ್ಕೆ ತಕ್ಕ ಆಲಯ, ರಾಜರ ಪಟ್ಟಾಭಿಷೇಕಕ್ಕೆ ಜಾಗ, ರಾಜವಂಶಕ್ಕೆ ಸಮಾಧಿ, ನಾಡಿನ ಸಂತನಿಗೆ ಗುಡಿ, ಹೀಗೆ ಒಂದೇ ಕಟ್ಟಡ ನಾಲ್ಕು ಹೊಣೆ ಹೊರಬೇಕಿತ್ತು.

ಕಮಾನು

ಮೇಷ್ಟ್ರು ಅಡಿಪಾಯ ಹಾಕಿಕೊಟ್ಟಿದ್ದಾರೆ, ಕಟ್ಟಿದವರ ವಿಷಯವನ್ನು ನಾನು ಹೇಳುತ್ತೇನೆ. ನಾನು ವೃತ್ತಿಯಿಂದ ವಾಸ್ತುಶಿಲ್ಪಿ. ಓದುವ ದಿನಗಳಿಂದಲೂ ಈ ಕಟ್ಟಡದ ಮೇಲೆ ನನಗೆ ವಿಶೇಷ ಮೋಹ.

ಆಗ ಪೋಪ್ ಇದ್ದದ್ದು ಫ್ರಾನ್ಸಿನ ಅವಿನ್ಯೋನ್‌ನಲ್ಲಿ. ಚಾರ್ಲ್ಸ್ ಅಲ್ಲಿಂದಲೇ ಮತಿಯಾಸ್ ಎಂಬ ಮುಖ್ಯ ಶಿಲ್ಪಿಯನ್ನು ಕರೆತಂದ. ಉತ್ತರ ಫ್ರಾನ್ಸಿನ ಅರಾಸ್ ಅವನ ಊರು. ಅವನು ಹಾಕಿದ ನಕ್ಷೆ ಅಪ್ಪಟ ಫ್ರೆಂಚ್ ಮಾದರಿಯದು. ಪೂರ್ವದ ತುದಿಯಲ್ಲಿ ಬಲಿಪೀಠವನ್ನು ಬಳಸಿ ಹೋಗುವ ಪ್ರದಕ್ಷಿಣಾಪಥ, ಅದರ ಹೊರಸುತ್ತಿಗೆ ದಳಗಳಂತೆ ಜೋಡಿಸಿದ ಪೂಜಾಕೋಣೆಗಳು, ಛಾವಣಿಯ ಒತ್ತಡವನ್ನು ಹೊರಗೆ ಇಳಿಸಿಕೊಳ್ಳುವ ಹಾರುಗಮಾನುಗಳು. ಎಂಟು ವರ್ಷ ಕೆಲಸ ಮಾಡಿ 1352ರಲ್ಲಿ ಅವನು ತೀರಿಕೊಂಡಾಗ ಪೂರ್ವದ ಕೋಣೆಗಳು ಮತ್ತು ಅವುಗಳ ಮೇಲಿನ ಸ್ವಲ್ಪ ಭಾಗ ಎದ್ದಿದ್ದವು, ಅಷ್ಟೇ.

ಅವನ ಜಾಗಕ್ಕೆ 1356ರಲ್ಲಿ ಬಂದವನು ಪೀಟರ್ ಪಾರ್ಲರ್. ವಯಸ್ಸು ಇಪ್ಪತ್ತಮೂರು! ಜರ್ಮನಿಯ ಶ್ವೇಬಿಷ್ ಗ್ಮುಂಡ್ ಊರಿನಲ್ಲಿ ಮುಖ್ಯ ಶಿಲ್ಪಿಯಾಗಿದ್ದ ಹೈನ್ರಿಖ್ ಪಾರ್ಲರನ ಮಗ. ಸಾಮ್ರಾಟನೊಬ್ಬ ತನ್ನ ಬದುಕಿನ ಅತಿ ದೊಡ್ಡ ಕಟ್ಟಡವನ್ನು ಇಂಥ ಚಿಕ್ಕ ವಯಸ್ಸಿನವನ ಕೈಗೆ ಒಪ್ಪಿಸಿದ್ದನ್ನು ನೆನೆದಾಗಲೆಲ್ಲ ನನಗೆ ಇಬ್ಬರ ಮೇಲೂ ಗೌರವ ಹೆಚ್ಚುತ್ತದೆ. ಇದೇ ಪಾರ್ಲರ್ ಮುಂದೆ ವಲ್ಟಾವಾ ನದಿಯ ಮೇಲಿನ ಕಲ್ಲಿನ ಸೇತುವೆಯನ್ನೂ ಅದರ ಹಳೇಪಟ್ಟಣದ ಬದಿಯ ಗೋಪುರವನ್ನೂ ಕಟ್ಟಿದ.

ಅವನು ಮಾಡಿದ ದೊಡ್ಡ ಬದಲಾವಣೆ ಛಾವಣಿಯಲ್ಲಿದೆ. ಅದುವರೆಗಿನ ಫ್ರೆಂಚ್ ಪದ್ಧತಿಯಲ್ಲಿ ಎರಡೆರಡು ಜೋಡಿ ಕಂಬಗಳ ನಡುವಿನ ಒಂದೊಂದು ಅಂಕಣಕ್ಕೂ ಮೂಲೆಯಿಂದ ಮೂಲೆಗೆ ಕಲ್ಲಿನ ಪಟ್ಟಿಗಳು ಹಾಯ್ದು, ನಡುವೆ ಬೀಗಕಲ್ಲಿನಲ್ಲಿ ಸೇರುತ್ತವೆ. ಅಂಕಣಗಳನ್ನು ಅಡ್ಡಕಮಾನು ಬೇರ್ಪಡಿಸುತ್ತದೆ. ಕೆಳಗೆ ನಿಂತು ನೋಡಿದರೆ ಛಾವಣಿ ಪೆಟ್ಟಿಗೆ ಪೆಟ್ಟಿಗೆಯಾಗಿ ಕಾಣುತ್ತದೆ. ಪಾರ್ಲರ್ ಆ ಅಡ್ಡಕಮಾನನ್ನು ತೆಗೆದುಹಾಕಿ, ಪಟ್ಟಿಗಳನ್ನು ಜೋಡಿಯಾಗಿ ಓಡಿಸಿ, ಒಂದು ಅಂಕಣದಿಂದ ಇನ್ನೊಂದಕ್ಕೆ ಹರಿಯುವ ಬಲೆಯನ್ನೇ ನೆಯ್ದ. ಕಣ್ಣು ಎಲ್ಲಿಯೂ ತಡೆಯದೆ ಪೂರ್ವದ ಬಲಿಪೀಠದವರೆಗೆ ಸಾಗುತ್ತದೆ. 1385ರಲ್ಲಿ ಈ ಛಾವಣಿ ಮುಗಿಯಿತು. ನೆಲದಿಂದ ಅದಕ್ಕೆ ಸುಮಾರು 33 ಮೀಟರ್ ಎತ್ತರ. ಮುಂದೆ ಮಧ್ಯ ಯೂರೋಪಿನಲ್ಲಿ ಬಂದ ಬಲೆಗಮಾನು ಛಾವಣಿಗಳಲ್ಲಿ ಬಹುಪಾಲಿಗೆ ಇದೇ ದಾರಿ ತೋರಿಸಿತು. ದಕ್ಷಿಣದ ಸುವರ್ಣದ್ವಾರದ ಮೊಗಸಾಲೆಯಲ್ಲಂತೂ ಪಟ್ಟಿಗಳು ಛಾವಣಿಯನ್ನು ಬಿಟ್ಟು ಗಾಳಿಯಲ್ಲಿ ಬರಿದಾಗಿ ನಿಂತಿವೆ. ಕಲ್ಲಿನ ಮೇಲೆ ಅಷ್ಟು ಭರವಸೆ ಇದ್ದವನು ಮಾತ್ರ ಹಾಗೆ ಕಟ್ಟಬಲ್ಲ.

ಛಾವಣಿಗೂ ಕೆಳಗಿನ ಕಮಾನುಗಳಿಗೂ ನಡುವೆ ಗೋಡೆಯ ದಪ್ಪದಲ್ಲಿಯೇ ಒಂದು ಕಿರುದಾರಿ ಇದೆ. ಅಲ್ಲಿ 21 ಎದೆಮಟ್ಟದ ಪ್ರತಿಮೆಗಳಿವೆ. ಚಾರ್ಲ್ಸ್, ಅವನ ನಾಲ್ವರು ಪತ್ನಿಯರು, ತಂದೆತಾಯಿ, ಮಗ, ಮೂವರು ಆರ್ಚ್‌ಬಿಷಪ್‌ಗಳು, ಕಟ್ಟಡದ ಲೆಕ್ಕಪತ್ರ ನೋಡಿಕೊಂಡ ಪಾದ್ರಿಗಳು, ಅವರೊಡನೆ ಮತಿಯಾಸ್ ಮತ್ತು ಪಾರ್ಲರ್. ಸಾಮ್ರಾಟನ ಸಾಲಿನಲ್ಲಿಯೇ ಕಲ್ಲುಕುಟಿಗರ ಮುಖ್ಯಸ್ಥರನ್ನೂ ಕೂರಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಪಾರ್ಲರನ ವಯಸ್ಸು, ಬಂದ ವರ್ಷ ನಮಗೆ ತಿಳಿದಿರುವುದು ಅವನ ಪ್ರತಿಮೆಯ ಮೇಲಿನ ಶಾಸನದಿಂದಲೇ. ಆ ಶಾಸನದಲ್ಲಿ ಅವನ ತಂದೆ ಪೋಲೆಂಡಿನವನೆಂದು ಓದಿಕೊಳ್ಳುವಂತಿದೆ. ಮೂಲದಲ್ಲಿ ಕಲೋನ್ ಊರಿನ ಲ್ಯಾಟಿನ್ ಹೆಸರಾದ ಕೊಲೋನಿಯಾ ಎಂದಿದ್ದು, ಮುಂದೆ ಯಾರೋ ಅಕ್ಷರಗಳಿಗೆ ಮತ್ತೆ ಬಣ್ಣ ಬಳಿಯುವಾಗ ಪೊಲೋನಿಯಾ ಆಗಿರಬೇಕು ಎಂದು ವಿದ್ವಾಂಸರು ವಿವರಿಸುತ್ತಾರೆ.

ಮಂಡ್ಯದ ಓದುಗ

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೂ ಮೂಲ ಪ್ರಶ್ನೆಗೆ ನನ್ನ ಉತ್ತರ "ಇಲ್ಲ" ಎಂದೇ. ನೀವು ವರ್ಣಿಸಿದ್ದೆಲ್ಲ ಪೂರ್ವದ ಭಾಗದ್ದು. ಪ್ರವಾಸಿಗರು ಫೋಟೋ ತೆಗೆಯುವ ಎರಡು ಗೋಪುರ, ದುಂಡು ಕಿಟಕಿ, ಒಳಗಿನ ಉದ್ದನೆಯ ಸಭಾಂಗಣ, ಇವು ರೈಲು ಓಡಾಡುತ್ತಿದ್ದ ಕಾಲದ ಅನುಕರಣೆ. ಹುಸೈಟ್ ದಂಗೆಕೋರರು ಹಳೆಯದನ್ನು ಹಾಳುಗೆಡವಿದರು, ಹತ್ತೊಂಬತ್ತನೆಯ ಶತಮಾನದವರು ರಾಷ್ಟ್ರಾಭಿಮಾನದ ಉತ್ಸಾಹದಲ್ಲಿ ಹಳೆಯದರಂತೆ ಕಾಣುವ ಹೊಸದನ್ನು ಕಟ್ಟಿದರು. ಇದನ್ನು ಮಧ್ಯಯುಗದ್ದು ಎಂದು ತೋರಿಸುವುದು ನೋಡುವವರಿಗೆ ಮಾಡುವ ಮೋಸ. ಕಠಿಣವಾಗಿ ಬರೆದಿದ್ದರೆ ಕ್ಷಮಿಸಿ, ಆದರೆ ಹಳೆಯ ಕಲ್ಲು ಮತ್ತು ಹೊಸ ಕಲ್ಲಿನ ವ್ಯತ್ಯಾಸವನ್ನು ಮರೆಸುವುದು ಇತಿಹಾಸಕ್ಕೆ ಒಳ್ಳೆಯದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇತಿಹಾಸದ ಮೇಷ್ಟ್ರು

ಕಲ್ಲಿನ ವಯಸ್ಸಿನ ವಿಷಯದಲ್ಲಿ ನಿಮ್ಮ ಕಾಳಜಿ ನ್ಯಾಯವಾದದ್ದೇ. ಆದರೆ ಎಲ್ಲ ಹಾನಿಯನ್ನೂ ಹುಸೈಟರ ತಲೆಗೆ ಕಟ್ಟುವುದು ಸರಿಯಲ್ಲ. ಘಟನೆಗಳನ್ನು ಬಿಡಿಸಿ ನೋಡೋಣ.

ಚಾರ್ಲ್ಸ್ 1378ರಲ್ಲಿ ತೀರಿಕೊಂಡ. ಕೆಲಸ ನಿಲ್ಲಲಿಲ್ಲ. 1392ರಲ್ಲಿ ಪಶ್ಚಿಮದ ಸಭಾಂಗಣಕ್ಕೂ ಅಡಿಗಲ್ಲು ಬಿತ್ತು. ಆ ಹೊತ್ತಿಗೆ ದಕ್ಷಿಣದ ದೊಡ್ಡ ಗೋಪುರವೂ ಏಳತೊಡಗಿತ್ತು. ಪಾರ್ಲರ್ 1399ರಲ್ಲಿ ತೀರಿಕೊಂಡ ಮೇಲೆ ಅವನ ಮಕ್ಕಳಾದ ವೆನ್ಸೆಲ್ ಮತ್ತು ಯೋಹಾನ್ ಮುಂದುವರಿಸಿದರು. 1419ರಲ್ಲಿ ಪ್ರಾಗ್‌ನಲ್ಲಿ ಹುಸೈಟ್ ಬಂಡಾಯ ಭುಗಿಲೆದ್ದಿತು. ಯಾನ್ ಹುಸ್ ಎಂಬ ಸುಧಾರಕನನ್ನು 1415ರಲ್ಲಿ ಕಾನ್ಸ್ಟನ್ಸ್‌ನಲ್ಲಿ ಸುಟ್ಟುಹಾಕಿದ್ದರ ಸಿಟ್ಟು ಅದರ ಹಿಂದಿತ್ತು. ದೊರೆ ಸತ್ತ, ಹಣ ನಿಂತಿತು, ಕಲ್ಲುಕುಟಿಗರ ಪಾಳೆಯ ಚದುರಿತು. 1421ರಲ್ಲಿ ಕೋಟೆ ಬಂಡಾಯಗಾರರ ಕೈಗೆ ಬಂದಾಗ ವಿಗ್ರಹಗಳಿಗೂ ಚಿತ್ರಗಳಿಗೂ ಹಾನಿಯಾದದ್ದು ನಿಜ. ಆದರೆ ಕಟ್ಟಡ ಉಳಿಯಿತು. ಪೂರ್ವಭಾಗದ ಪಶ್ಚಿಮ ಅಂಚಿಗೆ ತಾತ್ಕಾಲಿಕವೆಂದು ಒಂದು ಗೋಡೆ ಎಬ್ಬಿಸಿ ಮುಚ್ಚಿದ್ದರು, ಆ ತಾತ್ಕಾಲಿಕ ಗೋಡೆಯೇ ಐದು ಶತಮಾನ ನಿಂತಿತು!

ನಡುವೆ ಪ್ರಯತ್ನಗಳು ನಡೆಯದೆ ಇರಲಿಲ್ಲ. ಯಾಗಿಯೆಲ್ಲೋ ವಂಶದ ದೊರೆ ವ್ಲಾಡಿಸ್ಲಾವನ ಕಾಲದಲ್ಲಿ ಒಣಗಿದ ಮರದ ಕೊಂಬೆಗಳಂತೆ ಕೆತ್ತಿದ, ರಾಜರು ಪ್ರಾರ್ಥನೆಗೆ ಕೂರುವ ಸುಂದರ ಉಪ್ಪರಿಗೆ ಬಂತು. 1541ರ ಬೆಂಕಿ ಕೋಟೆಯನ್ನೂ ಕೆಳಗಿನ ಬಡಾವಣೆಯನ್ನೂ ಸುಟ್ಟಾಗ ಕ್ಯಾಥೆಡ್ರಲ್‌ಗೂ ಪೆಟ್ಟು ಬಿತ್ತು. ಅರ್ಧಕ್ಕೆ ನಿಂತಿದ್ದ ದಕ್ಷಿಣ ಗೋಪುರದ ಮೇಲೆ ಆಮೇಲೆ ಬೋನಿಫಾಟ್ಸ್ ವೋಲ್ಮುಟ್ ಎಂಬ ವಾಸ್ತುಶಿಲ್ಪಿ ನವೋದಯ (ರೆನೈಸಾನ್ಸ್) ಶೈಲಿಯ ಸುತ್ತು ಕೈಸಾಲೆ ಕಟ್ಟಿದ. ಅದರ ತುದಿಯ ಬರೋಕ್ ಟೋಪಿ ಹದಿನೆಂಟನೆಯ ಶತಮಾನದ್ದು.

ನಿಜವಾಗಿ ಒಳಾಂಗಣ ಬರಿದಾದದ್ದು 1619ರ ಡಿಸೆಂಬರಿನಲ್ಲಿ. ಆ ವರ್ಷ ಬೊಹೀಮಿಯಾದ ದೊರೆಯಾಗಿ ಆಯ್ಕೆಯಾದ ಜರ್ಮನಿಯ ಪಲಟಿನೇಟ್ ಸೀಮೆಯ ಫ್ರೆಡರಿಕ್, ಇಗರ್ಜಿಯಲ್ಲಿ ವಿಗ್ರಹ, ಚಿತ್ರಗಳನ್ನು ಒಪ್ಪದ ಕ್ಯಾಲ್ವಿನ್ ಪಂಥದವನು. ಅವನ ಆಸ್ಥಾನದ ಬೋಧಕ ಅಬ್ರಹಾಂ ಸ್ಕುಲ್ಟೆಟಸನ ಪ್ರೇರಣೆಯಿಂದ ಬಲಿಪೀಠಗಳನ್ನೂ ಶಿಲುಬೆಗಳನ್ನೂ ಕಿತ್ತುಹಾಕಿದರು. ಲೂಕಾಸ್ ಕ್ರಾನಾಖ್ ಚಿತ್ರಿಸಿದ್ದ ದೊಡ್ಡ ಬಲಿಪೀಠವೂ ಆಗಲೇ ಒಡೆದುಹೋಯಿತು. ಮುಂದಿನ ವರ್ಷದ ನವೆಂಬರ್ 8ರಂದು ಬಿಳಿಬೆಟ್ಟದ ಕಾಳಗದಲ್ಲಿ ಸೋತು ಫ್ರೆಡರಿಕ್ ಓಡಿಹೋದ. ಗೆದ್ದ ಪಕ್ಷದವರು ಈ ಎರಡೂ ದೃಶ್ಯಗಳನ್ನು ಮರದ ಹಲಗೆಗಳಲ್ಲಿ ಕೆತ್ತಿಸಿ ಪ್ರದಕ್ಷಿಣಾಪಥದಲ್ಲಿ ಇರಿಸಿದ್ದಾರೆ. ಕಾಸ್ಪರ್ ಬೆಖ್ಟೆಲರನ ಆ ಕೆತ್ತನೆ ಸೋತವರ ಮೇಲಿನ ಆರೋಪಪಟ್ಟಿಯೂ ಹೌದು, ಆ ಕಾಲದ ಪ್ರಾಗ್ ನಗರದ ಮನೆಮನೆಯನ್ನೂ ತೋರಿಸುವ ದಾಖಲೆಯೂ ಹೌದು. ಆಮೇಲೆ ಹ್ಯಾಬ್ಸ್‌ಬರ್ಗ್ ಅರಸರ ಆಸಕ್ತಿ ವಿಯೆನ್ನಾದ ಕಡೆ ಹೊರಳಿತು. ಪ್ರಾಗ್‌ನ ಕ್ಯಾಥೆಡ್ರಲ್ ಅರ್ಧಕ್ಕೇ ನಿಂತುಬಿಟ್ಟಿತು.

ಕಮಾನು

ಮಂಡ್ಯದ ಓದುಗರ "ಅನುಕರಣೆ" ಎಂಬ ಮಾತಿಗೆ ಉತ್ತರ ಹೇಳಲೇಬೇಕು.

ಮುಗಿಸಬೇಕೆಂಬ ಪ್ರಯತ್ನ ಸಂಘಟಿತವಾಗಿ ಮೊದಲಾದದ್ದು 1859ರಲ್ಲಿ. ವಾಟ್ಸ್ಲಾವ್ ಪೆಶಿನಾ ಎಂಬ ಪಾದ್ರಿಯ ಬಹುಕಾಲದ ಒತ್ತಾಸೆಯಿಂದ ಕ್ಯಾಥೆಡ್ರಲ್ ಪೂರ್ಣಗೊಳಿಸುವ ಸಂಘ ಹುಟ್ಟಿಕೊಂಡಿತು. ಅದರ ಮೊದಲ ಕೆಲಸ ಹೊಸದನ್ನು ಕಟ್ಟುವುದಾಗಿರಲಿಲ್ಲ. ಯೋಸೆಫ್ ಕ್ರಾನರ್ ಎಂಬ ವಾಸ್ತುಶಿಲ್ಪಿಯ ಕೈಕೆಳಗೆ ಹಲವು ವರ್ಷ ಹಳೆಯ ಭಾಗದ ಶಿಥಿಲ ಕಲ್ಲುಗಳ ದುರಸ್ತಿಯೇ ನಡೆಯಿತು. 1873ರಿಂದ ಹೊಣೆ ಹೊತ್ತ ಯೋಸೆಫ್ ಮೋಕರ್ ಎರಡು ಪಶ್ಚಿಮ ಗೋಪುರಗಳ ನಕ್ಷೆ ಹಾಕಿದ. 1899ರಲ್ಲಿ ಅವನು ತೀರಿಕೊಂಡ ಮೇಲೆ ಕಾಮಿಲ್ ಹಿಲ್ಬರ್ಟ್ ಕೊನೆಯವರೆಗೆ ನಡೆಸಿದ.

ಮೋಕರನ ಬಗ್ಗೆ ನನಗೂ ಆಕ್ಷೇಪಗಳಿವೆ. ಪಶ್ಚಿಮದ ಮುಖ ನೇರವಾಗಿದೆ, ನಿಖರವಾಗಿದೆ, ಆದರೆ ಅದರಲ್ಲಿ ಅಚ್ಚರಿಯಿಲ್ಲ. ಪಾರ್ಲರನ ಗೋಡೆಯಲ್ಲಿ ಮೇಲಿನ ಕಿಟಕಿಗಳ ಸಾಲು ಒಂದೆಡೆ ಓರೆಯಾಗಿ ತಿರುಗಿ, ಇನ್ನೊಂದೆಡೆ ಮುಂದೆ ಬಂದು ಅಲೆಯಂತೆ ಸಾಗುತ್ತದೆ. ಮೋಕರ್ ಗಾಥಿಕ್ ವ್ಯಾಕರಣವನ್ನು ತಪ್ಪಿಲ್ಲದೆ ಕಲಿತವನು, ಪಾರ್ಲರ್ ಅದನ್ನು ಮಾತಾಡುತ್ತ ಬೆಳೆದವನು. ಅಷ್ಟು ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಅವರು ಖಾಲಿ ಮೈದಾನದಲ್ಲಿ ಹಳೆಯದರ ನಕಲು ಕಟ್ಟಲಿಲ್ಲ. ಅರ್ಧ ನಿಂತ ಕಟ್ಟಡವಿತ್ತು, 1392ರ ಅಡಿಪಾಯವಿತ್ತು, ಎಲ್ಲಿಗೆ ಹೋಗಬೇಕು ಎಂಬುದನ್ನು ಹಳೆಯ ಅಂಕಣಗಳೇ ಹೇಳುತ್ತಿದ್ದವು. ಹಿಲ್ಬರ್ಟನ ಕಾಲದಲ್ಲಿ ನೆಲ ಅಗೆದಾಗ ಹಳೆಯ ದುಂಡು ಇಗರ್ಜಿಯ ಗೋಡೆಗಳು ಸಿಕ್ಕವು. ಮೇಷ್ಟ್ರು ಹೇಳಿದ ಹತ್ತನೆಯ ಶತಮಾನದ ಕಥೆಗೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ಈ ಹೊಸ ಕಟ್ಟಡದ ಕೆಲಸದಿಂದಲೇ. ಹಳೆಯದಕ್ಕೂ ಹೊಸದಕ್ಕೂ ನಡುವೆ ನಿಂತಿದ್ದ ಆ ತಾತ್ಕಾಲಿಕ ಗೋಡೆಯನ್ನು ಕೊನೆಗೆ ಕೆಡವಿದ್ದು 1924ರ ಸುಮಾರಿಗೆ. ಅಂದು ಒಳಗೆ ನಿಂತಿದ್ದವರು 124 ಮೀಟರ್ ಉದ್ದದ ಕಟ್ಟಡವನ್ನು ತುದಿಯಿಂದ ತುದಿಗೆ ಮೊದಲ ಬಾರಿ ನೋಡಿದರು. ಆ ದೃಶ್ಯ ಚಾರ್ಲ್ಸ್‌ಗೂ ಸಿಕ್ಕಿರಲಿಲ್ಲ, ಪಾರ್ಲರನಿಗೂ ಸಿಕ್ಕಿರಲಿಲ್ಲ.

ಪಶ್ಚಿಮದ ದುಂಡು ಕಿಟಕಿಯ ಅಕ್ಕಪಕ್ಕದಲ್ಲಿ ಹೊಸ ಭಾಗ ಕಟ್ಟಿದ ವಾಸ್ತುಶಿಲ್ಪಿಗಳ ಮುಖಗಳನ್ನು ಕೆತ್ತಿದ್ದಾರೆ. ಪಾರ್ಲರ್ ತನ್ನ ಮುಖವನ್ನು ಒಳಗೆ ಇಟ್ಟಂತೆಯೇ. ನಕಲು ಮಾಡಿ ವಯಸ್ಸು ಮುಚ್ಚಿಡುವವರು ತಮ್ಮ ಮುಖವನ್ನು ಗೋಡೆಯ ಮೇಲೆ ಇಡುತ್ತಾರೆಯೇ?

ಗಾಜಿನ ಕಣ್ಣು

ನನ್ನ ಆಸಕ್ತಿಯ ವಿಷಯ ಗಾಜು, ಹಾಗಾಗಿ ಎರಡು ಮಾತು.

ಹೊಸ ಭಾಗದಲ್ಲಿ ಅನುಕರಣೆಯಲ್ಲದ್ದು ಏನಾದರೂ ಇದ್ದರೆ ಅದು ಕಿಟಕಿಗಳು. ಪಶ್ಚಿಮದ ದುಂಡು ಕಿಟಕಿಗೆ ಫ್ರಾಂಟಿಶೆಕ್ ಕಿಸೆಲಾ ಸೃಷ್ಟಿಯ ಕಥೆಯನ್ನು ವಸ್ತುವಾಗಿ ಆರಿಸಿಕೊಂಡರು. ಅದರಲ್ಲಿ 26,740 ಗಾಜಿನ ತುಂಡುಗಳಿವೆ. ಉತ್ತರದ ಬದಿಯಲ್ಲಿ ಅಲ್ಫೋನ್ಸ್ ಮುಖಾ ಅವರ 1931ರ ಕಿಟಕಿಯಿದೆ. ಸ್ಲಾವ್ ಜನರಿಗೆ ಕ್ರೈಸ್ತಧರ್ಮ ತಂದ ಸಿರಿಲ್ ಮತ್ತು ಮೆಥೋಡಿಯಸ್ ಅದರ ವಸ್ತು. ನಡುವೆ ಕೆಂಪು ಉಡುಪಿನ ಬಾಲಕ ವಾಟ್ಸ್ಲಾವ್ ಅಜ್ಜಿ ಲುಡ್ಮಿಲಾಳ ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದಾನೆ. ಮಧ್ಯಯುಗದ ಕಿಟಕಿಗಳಲ್ಲಿ ಬಣ್ಣ ಬಣ್ಣದ ಗಾಜನ್ನೇ ಕತ್ತರಿಸಿ ಸೀಸದ ಪಟ್ಟಿಯಿಂದ ಜೋಡಿಸುತ್ತಿದ್ದರು. ಇಲ್ಲಿ ಬಹುಮಟ್ಟಿಗೆ ಗಾಜಿನ ಮೇಲೆಯೇ ಚಿತ್ರ ಬರೆದಿದ್ದಾರೆ. ಅಂಚಿನ ನೀಲಿ ನಡುವೆ ಬರುವಷ್ಟರಲ್ಲಿ ಹಳದಿ, ಕೆಂಪಾಗಿ ಕರಗುವುದು ಅದರಿಂದಲೇ ಸಾಧ್ಯವಾಯಿತು. ಅದು ಇಪ್ಪತ್ತನೆಯ ಶತಮಾನದ ಕಲೆ ಎಂಬುದು ನೋಡಿದ ತಕ್ಷಣ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಹಾಗೆ ಮಾಡಿದ್ದಾರೆ.

ಹಳೆಯ ಗಾಜೂ ಇದೆ, ಆದರೆ ಕಿಟಕಿಯಲ್ಲಲ್ಲ. ಸುವರ್ಣದ್ವಾರದ ಮೇಲೆ ಹೊರಗೋಡೆಯಲ್ಲಿ 1370–71ರಲ್ಲಿ ಚಾರ್ಲ್ಸ್ ಮಾಡಿಸಿದ ಅಂತಿಮ ತೀರ್ಪಿನ ಮೊಸಾಯಿಕ್ ಚಿತ್ರ ಅದು. ನಡುವೆ ಕ್ರಿಸ್ತ, ಕೆಳಗೆ ನಾಡಿನ ಆರು ಸಂತರು, ಇನ್ನೂ ಕೆಳಗೆ ಮಂಡಿಯೂರಿದ ಚಾರ್ಲ್ಸ್ ಮತ್ತು ಎಲಿಜಬೆತ್ ರಾಣಿ, ಎಡಕ್ಕೆ ಸಮಾಧಿಗಳಿಂದ ಏಳುವವರು, ಬಲಕ್ಕೆ ನರಕಕ್ಕೆ ಎಳೆದೊಯ್ಯಲ್ಪಡುವವರು. ಸುಮಾರು 10 ಲಕ್ಷ ಗಾಜಿನ ಹರಳುಗಳು. ಕೆಲಸದ ರೀತಿ ಇಟಲಿಯದು, ಗಾಜು ಮಾತ್ರ ಬೊಹೀಮಿಯಾದ್ದು. ತೊಂದರೆ ಬಂದದ್ದು ಅಲ್ಲಿಯೇ. ಆ ಸೀಮೆಯಲ್ಲಿ ಮರದ ಬೂದಿ ಸೇರಿಸಿ ಗಾಜು ಕರಗಿಸುತ್ತಿದ್ದರು, ಹಾಗಾಗಿ ಅದರಲ್ಲಿ ಪೊಟ್ಯಾಷಿಯಂ ಹೆಚ್ಚು. ಮಳೆಯ ತೇವಕ್ಕೆ ಅದು ಸುಲಭವಾಗಿ ಹೊರಬಂದು, ಕಲ್ಲಿದ್ದಲ ಹೊಗೆಯ ಗಂಧಕದೊಡನೆ ಸೇರಿ ಲವಣದ ಪದರವಾಗುತ್ತದೆ. ಎಷ್ಟು ಸಲ ತೊಳೆದರೂ ಚಿನ್ನದ ಚಿತ್ರದ ಮೇಲೆ ಬೂದುಬಣ್ಣದ ಪರದೆ ಮತ್ತೆ ಕವಿಯುತ್ತಿತ್ತು. 1992ರಿಂದ 2000ದವರೆಗೆ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ಜೆಕ್ ತಜ್ಞರು ಒಟ್ಟಿಗೆ ಕೆಲಸ ಮಾಡಿ, ಪದರವನ್ನು ತೆಗೆದು, ಹರಳುಗಳ ಮೇಲೆ ಪಾರದರ್ಶಕ ಲೇಪ ಹಚ್ಚಿದರು. ಈಗ ಚಿನ್ನ ಮತ್ತೆ ಹೊಳೆಯುತ್ತಿದೆ. ಆ ಲೇಪವನ್ನು ಆಗಾಗ ಪರೀಕ್ಷಿಸಿ ಮೇಲಿನ ಪದರವನ್ನು ಹೊಸದಾಗಿ ಹಚ್ಚುತ್ತಲೇ ಇರಬೇಕು.

ಮಂಡ್ಯದ ಓದುಗ

1619ರ ವಿಷಯದಲ್ಲಿ ನನ್ನ ತಿಳುವಳಿಕೆ ತಪ್ಪಾಗಿತ್ತು, ತಿದ್ದಿದ್ದಕ್ಕೆ ಮೇಷ್ಟ್ರಿಗೆ ಕೃತಜ್ಞತೆಗಳು. "ಮೋಸ" ಎಂಬ ಪದವನ್ನೂ ಹಿಂತೆಗೆದುಕೊಳ್ಳುತ್ತೇನೆ. ಗೋಡೆಯ ಮೇಲೆ ತಮ್ಮ ಮುಖವನ್ನೇ ಇಟ್ಟವರು ಮೋಸ ಮಾಡಿದರೆನ್ನಲು ಬಾರದು. ಆದರೆ "ಮಧ್ಯಯುಗದ ಕ್ಯಾಥೆಡ್ರಲ್" ಎಂಬ ಒಂದೇ ಪದದಲ್ಲಿ ಇದನ್ನೆಲ್ಲ ಕಟ್ಟಿಹಾಕುವುದಕ್ಕೆ ಈಗಲೂ ನನ್ನ ಒಪ್ಪಿಗೆಯಿಲ್ಲ. "ಮಧ್ಯಯುಗದಲ್ಲಿ ಆರಂಭವಾಗಿ ಇಪ್ಪತ್ತನೆಯ ಶತಮಾನದಲ್ಲಿ ಮುಗಿದ ಕ್ಯಾಥೆಡ್ರಲ್" ಎಂದು ಉದ್ದವಾಗಿ ಹೇಳಿದರೆ ನಷ್ಟವೇನೂ ಇಲ್ಲ.

ಇನ್ನೊಂದು ಸಂದೇಹ. 1929ರಲ್ಲಿಯೇ ಮುಗಿಸಬೇಕೆಂಬ ಅವಸರ ಏಕಿತ್ತು?

ಇತಿಹಾಸದ ಮೇಷ್ಟ್ರು

ವಾಟ್ಸ್ಲಾವ್ ಸತ್ತು ಸಾವಿರ ವರ್ಷ ತುಂಬುವ ಸ್ಮರಣೆಗೆ. ಅಂದು ಅವನ ಹತ್ಯೆ 929ರಲ್ಲಿ ಆಯಿತೆಂದು ಎಣಿಸುತ್ತಿದ್ದರು. ಇಂದು ಹೆಚ್ಚಿನ ಇತಿಹಾಸಕಾರರು 935 ಎನ್ನುತ್ತಾರೆ. ಜೆಕೊಸ್ಲೊವಾಕಿಯಾ 1918ರಲ್ಲಷ್ಟೇ ಸ್ವತಂತ್ರವಾಗಿತ್ತು. ಹೊಸ ಗಣರಾಜ್ಯಕ್ಕೆ ಆ ಉತ್ಸವ ಬೇಕಾಗಿತ್ತು.

ಈ ಕಟ್ಟಡಕ್ಕೂ ರಾಜ್ಯಕ್ಕೂ ಇರುವ ನಂಟು ಆಮೇಲೂ ಬಿಡಲಿಲ್ಲ. 1954ರಲ್ಲಿ ಕಮ್ಯುನಿಸ್ಟ್ ಸರ್ಕಾರ ಇದು ಇಡೀ ಜನತೆಯ ಸ್ವತ್ತು ಎಂದು ಘೋಷಿಸಿತು. 1989ರ ಬದಲಾವಣೆಯ ನಂತರ ಚರ್ಚ್ 1992ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ತೀರ್ಪುಗಳು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿದವು. 2010ರಲ್ಲಿ ಅಧ್ಯಕ್ಷ ವಾಟ್ಸ್ಲಾವ್ ಕ್ಲಾಸ್ ಮತ್ತು ಆರ್ಚ್‌ಬಿಷಪ್ ಡೊಮಿನಿಕ್ ದೂಕಾ ಒಪ್ಪಂದ ಮಾಡಿಕೊಂಡು, ರಾಜ್ಯ ಮತ್ತು ಚರ್ಚ್ ಎರಡೂ ಸೇರಿ ನೋಡಿಕೊಳ್ಳುವ ವ್ಯವಸ್ಥೆ ತಂದರು. ಇದಕ್ಕಿಂತ ಹಳೆಯ ಒಂದು ಏರ್ಪಾಟು ಇದೇ ಮನೋಭಾವದ್ದು. ವಾಟ್ಸ್ಲಾವ್ ಕೋಣೆಯೊಳಗಿನ ಸಣ್ಣ ಬಾಗಿಲಿನಿಂದ ಮೇಲೆ ಹತ್ತಿದರೆ ರಾಜಲಾಂಛನಗಳ ಕೊಠಡಿ. ಚಾರ್ಲ್ಸ್ ಮಾಡಿಸಿದ ಕಿರೀಟ ಇರುವುದು ಅಲ್ಲಿ. ಅದಕ್ಕೆ ಏಳು ಬೀಗ. ಏಳು ಕೀಲಿಗಳು ಅಧ್ಯಕ್ಷ, ಪ್ರಧಾನಿ, ಸಂಸತ್ತಿನ ಎರಡೂ ಸದನಗಳ ಮುಖ್ಯಸ್ಥರು, ಆರ್ಚ್‌ಬಿಷಪ್, ಕ್ಯಾಥೆಡ್ರಲ್‌ನ ಹಿರಿಯ ಪಾದ್ರಿ ಮತ್ತು ಪ್ರಾಗ್‌ನ ಮೇಯರ್ ಅವರ ಬಳಿ ಇರುತ್ತವೆ. ಒಬ್ಬರು ಬಾರದಿದ್ದರೂ ಬಾಗಿಲು ತೆರೆಯುವುದಿಲ್ಲ.

ವಲ್ಟಾವಾ ದಂಡೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಬರಹಗಳನ್ನು ಮುದ್ರಿಸಿಕೊಂಡು ಮೊನ್ನೆ ಭಾನುವಾರ ಮಧ್ಯಾಹ್ನ ಮತ್ತೆ ಹೋಗಿದ್ದೆ. ಕಂಡದ್ದನ್ನು ಬರೆಯುತ್ತೇನೆ, ಮುಂದೆ ಇಲ್ಲಿಗೆ ಬರುವವರಿಗೆ ಉಪಯೋಗವಾಗಬಹುದು.

ಕಲ್ಲಿನ ಬಣ್ಣ ನೋಡಿ ಹಳೆಯದು ಹೊಸದು ಹೇಳಲು ಬರುವುದಿಲ್ಲ. ನೂರು ವರ್ಷದಲ್ಲಿ ಹೊಸ ಮರಳುಗಲ್ಲೂ ಕಪ್ಪಾಗಿದೆ. ದಕ್ಷಿಣದ ಅಂಗಳದಲ್ಲಿ ಸುವರ್ಣದ್ವಾರಕ್ಕೆ ಮುಖಮಾಡಿ ನಿಂತರೆ ಸುಲಭ. ಬಲಗಡೆ ಹಾರುಗಮಾನುಗಳ ಕಾಡು ಮತಿಯಾಸ್ ಮತ್ತು ಪಾರ್ಲರನದು. ಎಡಗಡೆ ದೊಡ್ಡ ಗೋಪುರದ ಕೆಳಭಾಗ ಹಳೆಯದು. ಆ ಗೋಪುರವನ್ನು ದಾಟಿ ಎಡಕ್ಕೆ ಇರುವುದೆಲ್ಲ 1873ರ ನಂತರದ್ದು. ಒಳಗೂ ಒಂದು ಗುರುತಿದೆ. ಪಶ್ಚಿಮದ ಬಾಗಿಲಿನಿಂದ ಟಿಕೆಟ್ ಇಲ್ಲದೆ ಒಳಗೆ ಬಂದು ನಿಲ್ಲಬಹುದಾದ ಜಾಗ ಪೂರ್ತಿ ಹೊಸ ಭಾಗ. ಮೂರು ವರ್ಷ ನಾನು ಅತಿಥಿಗಳನ್ನು ಹೆಚ್ಚಾಗಿ ಅಲ್ಲಿಯವರೆಗೆ ಮಾತ್ರ ಕರೆದೊಯ್ದಿದ್ದೆ. ಅಂದರೆ ಅವರಲ್ಲಿ ಅನೇಕರು ಪಾರ್ಲರನ ಛಾವಣಿಯನ್ನು ದೂರದಿಂದಲೇ ನೋಡಿ ಹೋಗಿದ್ದಾರೆ.

ಈ ಬಾರಿ ಟಿಕೆಟ್ ಪಡೆದು ಪೂರ್ತಿ ಒಳಗೆ ಹೋದೆ. ವಾಟ್ಸ್ಲಾವ್ ಕೋಣೆಯ ಹೊಸ್ತಿಲಲ್ಲಿ ಹಗ್ಗ ಕಟ್ಟಿದ್ದಾರೆ, ಒಳಗೆ ಬಿಡುವುದಿಲ್ಲ. ಗೋಡೆಯ ಕೆಳಭಾಗದಲ್ಲಿ ಪದ್ಮರಾಗದ ಬಣ್ಣದ, ನೇರಳೆ ಬಣ್ಣದ ಒರಟು ಕಲ್ಲುಗಳನ್ನು ನಯಗೊಳಿಸಿ ಚಿನ್ನದ ಗಾರೆಯಲ್ಲಿ ಕೂರಿಸಿದ್ದಾರೆ. ಯಾವೊಂದೂ ಇನ್ನೊಂದರ ಆಕಾರದಲ್ಲಿಲ್ಲ. ಬಾಗಿಲ ಮೇಲಿನ ಸಿಂಹ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಿಂದಿನ ಸಲಗಳಲ್ಲಿ ಅದರ ಪಕ್ಕದಲ್ಲಿಯೇ ಹಾದುಹೋಗಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಹೊರಗೆ ಬಂದು ಸೋದರಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: ಆ ಮಧ್ಯದ ಗೋಡೆ ಕೆಡವಿದ ಮೇಲೆ ಹಳೆಯ ಛಾವಣಿ ಮತ್ತು ಹೊಸ ಛಾವಣಿ ಸೇರುವ ಕಡೆ ಬಿರುಕು ಏನಾದರೂ ಕಾಣಿಸಿತೇ? ಕೆಳಗಿನಿಂದ ನನಗೆ ಕಾಣಲಿಲ್ಲ. ಮುಂದಿನ ಸಲ ಬೈನಾಕ್ಯುಲರ್ ತೆಗೆದುಕೊಂಡು ಹೋಗಿ ನೋಡು ಎಂದಿದ್ದಾರೆ.